ಉಮ್ಮನ ಬೀಡಿ ಮತ್ತು ನನ್ನ ಕೆಲಸದ ಅರ್ಜಿ

ಅರ್ಜಿಯ ಎರಡನೇ ಪುಟದಲ್ಲಿ ಒಂದು ಪ್ರಶ್ನೆ ಇತ್ತು: "ನೀವು ಹತ್ತು ಜನರನ್ನು ಒಟ್ಟುಗೂಡಿಸಿ, ಅವರೇ ಮುಂದೆ ನಿಂತು ಏನನ್ನಾದರೂ ಪಡೆದುಕೊಂಡ ಒಂದು ಸಂದರ್ಭವನ್ನು ಬರೆಯಿರಿ." ಉಳಿದ ಎಲ್ಲವನ್ನೂ ಒಂದೇ ಸಂಜೆ ಕೂತು ತುಂಬಿಸಿದ್ದೆ. ಈ ಒಂದು ಜಾಗ ಮಾತ್ರ ನಾಲ್ಕು ದಿನ ಖಾಲಿ ಉಳಿಯಿತು.

ಮೊದಲು ನಾನು ಯಾರು ಎಂದು ಹೇಳಿಬಿಡುತ್ತೇನೆ. ಊರು ಬಂಟ್ವಾಳ ತಾಲೂಕು. ಓದಿದ್ದು ಮಂಗಳೂರಿನಲ್ಲಿ ಎಂಎಸ್‌ಡಬ್ಲ್ಯು. ನಮ್ಮ ಮನೆಯವರು ಕೊಲ್ಲಾಪುರದ ಶಿರೋಳಿ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಯಲ್ಲಿ ಇಂಜಿನಿಯರ್. ಮದುವೆಯಾಗಿ 2018ರಲ್ಲಿ ನಾನೂ ಇಲ್ಲಿಗೆ ಬಂದೆ. ಮಗ ಹುಟ್ಟಿದ, ಕೊರೊನಾ ಬಂತು, ಹೋಯಿತು. ಓದಿದ ಸರ್ಟಿಫಿಕೇಟುಗಳು ಕಪಾಟಿನ ಮೇಲಿನ ಸೂಟ್‌ಕೇಸಿನಲ್ಲೇ ಉಳಿದವು. ಮಗ ಶಾಲೆಗೆ ಹೋಗಲು ಶುರು ಮಾಡಿದ ಮೇಲೆ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮನೆಯಲ್ಲಿ ನಾನೊಬ್ಬಳೇ.

ಆಗ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಅಸಂಘಟಿತ ಕಾರ್ಮಿಕ ಹೆಂಗಸರ ಹಕ್ಕುಗಳಿಗಾಗಿ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಗೆ ಸಮುದಾಯ ಸಂಘಟಕಿ ಬೇಕಾಗಿದ್ದಳು. ಕೆಲಸದ ಜಾಗ ಇಚಲಕರಂಜಿ ಮತ್ತು ಗಡಹಿಂಗ್ಲಜ. ಮರಾಠಿ ಬರಬೇಕು. ಅದರ ಕೆಳಗೆ ಇನ್ನೊಂದು ಸಾಲು: "ಕನ್ನಡ ಬರುವವರಿಗೆ ಆದ್ಯತೆ."

ಮಹಾರಾಷ್ಟ್ರಕ್ಕೆ ಬಂದು ಅಷ್ಟು ವರ್ಷಗಳಲ್ಲಿ ಕನ್ನಡ ಬಂದರೆ ಲಾಭ ಎಂದು ಯಾರಾದರೂ ಹೇಳಿದ್ದು ಅದೇ ಮೊದಲು. ಆ ಸಾಲಿಗಾಗಿಯೇ ಅರ್ಜಿ ಹಾಕಿದೆ ಎಂದರೂ ತಪ್ಪಲ್ಲ.

ಭಾಷೆಯ ಕಾಲಂನಲ್ಲಿ ಮರಾಠಿ, ಹಿಂದಿ, ಉರ್ದು, ಕನ್ನಡ, ಇಂಗ್ಲಿಷ್ ಎಂದು ಚೌಕಗಳಿದ್ದವು. ಬ್ಯಾರಿಗೆ ಚೌಕ ಇರಲಿಲ್ಲ. 'ಇತರೆ' ಎಂಬಲ್ಲಿ ಬರೆದೆ. ಇದು ಇಲ್ಲಿಗೆ ಬಂದ ದಿನದಿಂದ ಇರುವ ಸಂಗತಿ. ಇಲ್ಲಿನ ಮುಸ್ಲಿಮರ ಮನೆಮಾತು ದಖನಿ, ಹಲವರದು ಮರಾಠಿಯೂ ಹೌದು. ನೆರೆಮನೆಯ ಚಾಚಿ ಮೊದಲ ತಿಂಗಳಲ್ಲೇ ಕೇಳಿದ್ದರು, "ಉರ್ದು ಬರದ ನೀವು ಎಂಥ ಮುಸಲ್ಮಾನರು?" ನಮ್ಮದು ಬ್ಯಾರಿ ಎಂಬ ಭಾಷೆ, ಅದನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತೇವೆ, ಕರ್ನಾಟಕ ಸರಕಾರ 2009ರಲ್ಲಿ ಅದಕ್ಕೊಂದು ಸಾಹಿತ್ಯ ಅಕಾಡೆಮಿಯನ್ನೇ ಕೊಟ್ಟಿದೆ ಎಂದೆಲ್ಲ ಹರಕು ಹಿಂದಿಯಲ್ಲಿ ವಿವರಿಸಿದ್ದೆ. ಚಾಚಿ ಎಲ್ಲ ಕೇಳಿ, "ಹೋಗಲಿ, ಬಿರಿಯಾನಿ ಮಾಡುತ್ತೀರಲ್ಲ?" ಎಂದಿದ್ದರು. ಈಗ ಚಾಚಿಯ ಮನೆಯಲ್ಲಿ ನಮ್ಮ ಪತ್ತಿರ್ ಗೊತ್ತಿಲ್ಲದವರಿಲ್ಲ.

ಮತ್ತೆ ಆ ಖಾಲಿ ಜಾಗಕ್ಕೆ ಬರುತ್ತೇನೆ. ನಾಲ್ಕನೇ ದಿನ ಅಲ್ಲಿ ಬರೆದದ್ದು ಹೀಗೆ: 2019ರ ಆಗಸ್ಟ್‌ನಲ್ಲಿ ಪಂಚಗಂಗಾ ಉಕ್ಕಿ ಕೊಲ್ಲಾಪುರಕ್ಕೆ ನೆರೆ ಬಂದಾಗ ನಮ್ಮ ಕಟ್ಟಡದ ಹೆಂಗಸರು ಸೇರಿ ಊಟದ ಪೊಟ್ಟಣ ಮಾಡಿ ಕಳಿಸಿದೆವು. ಲಾಕ್‌ಡೌನ್‌ನಲ್ಲಿ ರೇಷನ್ ಕಿಟ್ ಹಂಚಿದೆವು. ಊರಿನಲ್ಲಿ ಜಮಾಅತ್ ವತಿಯಿಂದ ಬಡ ಮಕ್ಕಳಿಗೆ ಪುಸ್ತಕ ಕೊಡಿಸಿದ್ದೇವೆ. ಓದಿ ನೋಡಿದೆ, ಚೆನ್ನಾಗಿಯೇ ಇತ್ತು. ಕಳಿಸಿದೆ.

ಸಂದರ್ಶನಕ್ಕೆ ಕರೆ ಬಂತು. ಅವರ ಕಚೇರಿ ಕೊಲ್ಲಾಪುರದ ಹಳೆ ಪೇಟೆಯ ಕಡೆ. ದಸರಾ ಚೌಕ ದಾಟಿ ನಡೆದು ಹೋಗಬೇಕು. ಆ ಚೌಕದಲ್ಲಿ ಶಾಹೂ ಮಹಾರಾಜರ ಪ್ರತಿಮೆ ಇದೆ, ಮುಸ್ಲಿಂ ಬೋರ್ಡಿಂಗ್ ಕೂಡ ಅಲ್ಲೇ. 1902ರಲ್ಲೇ ತಮ್ಮ ಸಂಸ್ಥಾನದ ಸರಕಾರಿ ಹುದ್ದೆಗಳಲ್ಲಿ ಹಿಂದುಳಿದವರಿಗೆ ಶೇಕಡಾ 50 ಮೀಸಲಿಟ್ಟ ರಾಜ ಅವರು. ಬೇರೆ ಬೇರೆ ಸಮುದಾಯದ ಮಕ್ಕಳು ಪೇಟೆಯಲ್ಲಿ ಉಳಿದು ಓದಲೆಂದು ಹಾಸ್ಟೆಲ್‌ಗಳಿಗೆ ಬೆಂಬಲ ಕೊಟ್ಟರು. ಮುಸ್ಲಿಮರಿಗಾಗಿ 1906ರಲ್ಲಿ ಸಮುದಾಯದ ಹಿರಿಯರನ್ನೇ ಕರೆದು ಶಿಕ್ಷಣ ಸಂಘ ಕಟ್ಟಿಸಿದರು. ಹಾಸ್ಟೆಲ್ ನಡೆಸುವ ಜವಾಬ್ದಾರಿ ಆ ಸಂಘದ್ದೇ. ಆ ದಿನ ಇದನ್ನೆಲ್ಲ ಯೋಚಿಸುವಷ್ಟು ಪುರುಸೊತ್ತು ನನಗಿರಲಿಲ್ಲ. ಎದೆ ಡವಡವ ಎನ್ನುತ್ತಿತ್ತು.

ಒಳಗೆ ಮೂರು ಜನ ಕೂತಿದ್ದರು. ನಡುವೆ ಸುಮಾರು ಅರವತ್ತರ ಒಬ್ಬ ಹೆಂಗಸು, ಎಲ್ಲರೂ ಅವರನ್ನು ತಾಈ ಎನ್ನುತ್ತಿದ್ದರು. ಮರಾಠಿಯಲ್ಲಿ ತಾಈ ಎಂದರೆ ಅಕ್ಕ. ನಮ್ಮ ಕನ್ನಡದ ಕಿವಿಗೆ ಅದು ತಾಯಿ ಎಂದೇ ಕೇಳುತ್ತದೆ. ಅವರು ನನ್ನ ಅರ್ಜಿಯನ್ನು ಎದುರಿಗಿಟ್ಟುಕೊಂಡು ಕೇಳಿದರು:

"ನೆರೆ ಬಂದಾಗ ಊಟ ಕೊಟ್ಟಿದ್ದೀರಿ, ಒಳ್ಳೆಯದು. ಊಟ ತೆಗೆದುಕೊಂಡವರಲ್ಲಿ ಒಬ್ಬರ ಹೆಸರು ಹೇಳಿ."

ನನಗೆ ಗೊತ್ತಿರಲಿಲ್ಲ.

"ರೇಷನ್ ಕಿಟ್ ಪಡೆದವರಿಗೆ ರೇಷನ್ ಕಾರ್ಡ್ ಇತ್ತಾ? ಇದ್ದರೆ ಅಂಗಡಿಯಿಂದ ಧಾನ್ಯ ಯಾಕೆ ಸಿಗಲಿಲ್ಲ ಎಂದು ಅವರು ಯಾರನ್ನಾದರೂ ಕೇಳಿದರಾ?"

ಅದೂ ಗೊತ್ತಿರಲಿಲ್ಲ.

ತಾಈ ಗದರಲಿಲ್ಲ. "ನೀವು ಮಾಡಿದ್ದು ಪುಣ್ಯದ ಕೆಲಸ. ಆದರೆ ನಾವು ಕೇಳಿದ ಪ್ರಶ್ನೆ ಅದಲ್ಲ. ಯೋಚನೆ ಮಾಡಿ. ಆಯ್ಕೆಗೆ ಮೊದಲು ಮೂರು ದಿನ ನಮ್ಮ ಜೊತೆ ಓಡಾಡಬೇಕು. ಆಮೇಲೆ ಇನ್ನೊಮ್ಮೆ ಮಾತಾಡೋಣ" ಎಂದರು.

ಮನೆಗೆ ಬಂದು ಅತ್ತೆ. ನಾನು ಕೊಟ್ಟದ್ದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಎಂಬ ಸಿಟ್ಟೂ ಇತ್ತು. ನಮ್ಮ ಸಮುದಾಯದಲ್ಲಿ ಕೊಡುವ ಕೈಗೆ ಕೊರತೆ ಇಲ್ಲ ಎಂಬುದು ನಿಮಗೇ ಗೊತ್ತು. ಗಲ್ಫ್‌ನಲ್ಲಿ ಬೆವರು ಸುರಿಸಿ ದುಡಿದವರು ಊರಿನ ಯಾರದೋ ಆಸ್ಪತ್ರೆ ಬಿಲ್‌ಗೆ ರಾತ್ರೋರಾತ್ರಿ ಹಣ ಕಳಿಸುತ್ತಾರೆ. ಮದುವೆ ಸಹಾಯ, ರಂಜಾನ್ ಕಿಟ್, ರಕ್ತದಾನ, ಆಂಬ್ಯುಲೆನ್ಸ್, ಒಂದೇ ಎರಡೇ? ಝಕಾತ್ ನಮ್ಮ ದೀನಿನ ಕಡ್ಡಾಯ. ಅದನ್ನು ಕಡಿಮೆ ಮಾಡಿ ನೋಡುವವರು ಇವರ್ಯಾರು ಎನಿಸಿತು.

ಅಂದು ರಾತ್ರಿ ಉಪ್ಪನ ಫೋನ್ ಬಂತು. ಅವರಿಗೆ ಈ ಕೆಲಸ ಇಷ್ಟವಿರಲಿಲ್ಲ. "ಸಂಬಳ ಶಾಲೆಯ ಟೀಚರಿಗಿಂತ ಕಡಿಮೆ. ಬಸ್ಸಿನಲ್ಲಿ ಊರೂರು ಅಲೆಯುವುದು. ಕೊಲ್ಲಾಪುರದಲ್ಲಿ ಮೊನ್ನೆ ಮೊನ್ನೆ ಗಲಾಟೆ ಆಗಿದೆ. ಬುರ್ಖಾ ಹಾಕಿದ ಹೆಂಗಸು ಹೋಗಿ ಜನ ಸೇರಿಸಿದರೆ ಯಾರಾದರೂ ಏನಾದರೂ ಅಂದಾರು." 2023ರ ಜೂನ್‌ನಲ್ಲಿ ಇಲ್ಲಿ ಗಲಭೆಯಾಗಿ ಇಂಟರ್ನೆಟ್ ನಿಲ್ಲಿಸಿದಾಗ ಉಪ್ಪ ನಿದ್ದೆಯಿಲ್ಲದೆ ಕಳೆದದ್ದು ನನಗೆ ಗೊತ್ತು. ಅವರ ಭಯ ಸುಳ್ಳಲ್ಲ. ನನ್ನೊಳಗೂ ಅದು ಇತ್ತು. ನಮ್ಮವರು ಮಾತ್ರ, "ಮೂರು ದಿನ ತಾನೇ, ಹೋಗಿ ನೋಡು. ಮಗನನ್ನು ಚಾಚಿ ನೋಡಿಕೊಳ್ಳುತ್ತಾರಂತೆ" ಎಂದರು. ಅವರು ಚಾಚಿಯನ್ನು ಆಗಲೇ ಕೇಳಿ ಬಂದಿದ್ದರು.

ಮೊದಲ ದಿನ ಇಚಲಕರಂಜಿ. ಕೊಲ್ಲಾಪುರದಿಂದ ಸುಮಾರು 30 ಕಿಲೋಮೀಟರ್. ಊರಿನೊಳಗೆ ಕಾಲಿಡುವ ಮೊದಲೇ ಅದರ ಸದ್ದು ಕೇಳುತ್ತದೆ. ಓಣಿ ಓಣಿಯಲ್ಲಿ ಖಟಖಟ ಎನ್ನುವ ವಿದ್ಯುತ್ ಮಗ್ಗಗಳು. 1904ರಲ್ಲಿ ವಿಠ್ಠಲರಾವ್ ದಾತಾರ್ ಎಂಬವರು ಇಲ್ಲಿ ಮೊದಲ ಪವರ್‌ಲೂಮ್ ಹಾಕಿದರು. ಅಲ್ಲಿನ ಜಾಗೀರುದಾರರಾಗಿದ್ದ ನಾರಾಯಣರಾವ್ ಬಾಬಾಸಾಹೇಬ್ ಘೋರ್ಪಡೆ ಪ್ರೋತ್ಸಾಹ ಕೊಟ್ಟರು. ಈಗ ಅದನ್ನು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನ್ನುತ್ತಾರೆ. 2022ರಲ್ಲಿ ಮಹಾನಗರಪಾಲಿಕೆಯೂ ಆಯಿತು. ಕೆಲಸಗಾರರಲ್ಲಿ ಉತ್ತರ ಕರ್ನಾಟಕದಿಂದ ಬಂದ ಕನ್ನಡಿಗರು ಬಹಳ. ಜಾಹೀರಾತಿನ ಆ ಸಾಲು ಯಾಕೆ ಎಂದು ಬಸ್ ಸ್ಟ್ಯಾಂಡಿನಲ್ಲೇ ಅರ್ಥವಾಯಿತು. ಚಹಾ ಅಂಗಡಿಯಲ್ಲಿ ಇಬ್ಬರು ಕನ್ನಡದಲ್ಲೇ ಜಗಳವಾಡುತ್ತಿದ್ದರು.

ಮಗ್ಗ ನಡೆಸುವವರಿಗೆ ಕೂಲಿ ಬಟ್ಟೆಯ ಮೀಟರ್ ಲೆಕ್ಕದಲ್ಲಿ. ಬಟ್ಟೆಯಲ್ಲಿ ಅಡ್ಡ ನೂಲು ಎಷ್ಟು ಒತ್ತಾಗಿದೆ ಎಂಬುದಕ್ಕೆ ಪಿಕ್ ಎನ್ನುತ್ತಾರೆ. 52 ಪಿಕ್ಕಿನ ಬಟ್ಟೆಯನ್ನು ಅಳತೆಗೋಲಾಗಿಟ್ಟು ಮೀಟರಿಗೆ ಇಷ್ಟು ಪೈಸೆ ಎಂದು ಗೊತ್ತು ಮಾಡುತ್ತಾರೆ. ಆ ಪೈಸೆಗಳಿಗಾಗಿ 2013ರ ಆರಂಭದಲ್ಲಿ ಇಡೀ ಊರಿನ ಮಗ್ಗಗಳು ಒಂದು ತಿಂಗಳಿಗೂ ಹೆಚ್ಚು ಕಾಲ ನಿಂತಿದ್ದವಂತೆ. ಊರಿನ ಸದ್ದೇ ಇಲ್ಲದ ಆ ದಿನಗಳಲ್ಲಿ ಮಕ್ಕಳಿಗೆ ನಿದ್ದೆ ಬರುತ್ತಿರಲಿಲ್ಲ ಎಂದು ಒಬ್ಬಾಕೆ ಹೇಳಿದಳು.

ನಾವು ಹೋದದ್ದು ಕಾಂಡಿ ಸುತ್ತುವ ಹೆಂಗಸರ ಬಳಿ. ಲಾಳಿಯೊಳಗೆ ಕೂರುವ ಸಣ್ಣ ನೂಲಿನ ಕಂಡಿಕೆಗೆ ಇಲ್ಲಿ ಕಾಂಡಿ ಎನ್ನುತ್ತಾರೆ. ಅದನ್ನು ಸುತ್ತುವ ಕೆಲಸ ಹೆಚ್ಚಾಗಿ ಹೆಂಗಸರದ್ದು. ದಿನವಿಡೀ ನಿಂತೇ ಇರಬೇಕು. ಹತ್ತಿಯ ಧೂಳು ಮೂಗು, ಕೂದಲು, ಊಟದ ಡಬ್ಬಿ ಎಲ್ಲದರಲ್ಲೂ. ಆ ಓಣಿಯ ಎಂಟು ಹೆಂಗಸರು ಸಂಜೆ ಒಂದು ಮನೆಯ ಮುಂದೆ ಸೇರಿದ್ದರು. ಅವರ ದೂರು ಒಂದೇ. ಶನಿವಾರ ಕೂಲಿ ಕೊಡುವಾಗ ಮುಂಗಡಕ್ಕೆಂದು ಎಷ್ಟು ಕಡಿದುಕೊಂಡರು, ರಜೆಗೆಂದು ಎಷ್ಟು ಕಡಿದುಕೊಂಡರು ಎಂಬ ಲೆಕ್ಕವಿಲ್ಲ. ಚೀಟಿ ಇಲ್ಲ. ಕೇಳಿದರೆ "ನಿನಗೆ ಓದಲು ಬರುತ್ತದಾ?" ಎಂಬ ಮಾತು.

ನನ್ನ ರಕ್ತ ಕುದಿಯಿತು. ಎದ್ದು ನಿಂತು ಕನ್ನಡದಲ್ಲಿ ಹೇಳಿಬಿಟ್ಟೆ: "ನೀವೇನೂ ಹೆದರಬೇಡಿ. ನನ್ನ ನಂಬರ್ ಬರೆದುಕೊಳ್ಳಿ. ನಾನೇ ಬಂದು ಮಾತಾಡುತ್ತೇನೆ." ಎಂಟೂ ಜನ ನಂಬರ್ ಬರೆದುಕೊಂಡರು. ಒಬ್ಬಳು ಕೈಮುಗಿದಳು. ನನಗೆ ಹೆಮ್ಮೆ ಎನಿಸಿತು.

ಹಿಂತಿರುಗುವಾಗ ಬಸ್ಸಿನಲ್ಲಿ ತಾಈ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ನಿನ್ನ ಗಂಡನಿಗೆ ನಾಳೆ ಪುಣೆಗೆ ವರ್ಗವಾದರೆ ಆ ಎಂಟು ಜನ ಏನು ಮಾಡಬೇಕು?"

ನಾನು ಸುಮ್ಮನಾದೆ.

"ಇವತ್ತು ಅವರು ಬಂದಾಗ ಎಂಟು ಜನ ಇದ್ದರು. ಹೋಗುವಾಗ ಒಬ್ಬೊಬ್ಬರೇ ಆದರು. ಪ್ರತಿಯೊಬ್ಬಳ ಹತ್ತಿರ ನಿನ್ನ ನಂಬರ್ ಇದೆ, ಪಕ್ಕದವಳ ನಂಬರ್ ಇಲ್ಲ."

ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ರಾತ್ರಿ ಉಮ್ಮನಿಗೆ ಫೋನ್ ಮಾಡಿದೆ. ಉಮ್ಮನ ಜೊತೆ ನಾನು ಕೆಲಸದ ವಿಷಯ ಮಾತಾಡುವುದು ಕಡಿಮೆ. ಅವರು ನಾಲ್ಕನೇ ಕ್ಲಾಸಿನವರೆಗೆ ಓದಿದವರು, ನಲವತ್ತು ವರ್ಷ ಬೀಡಿ ಕಟ್ಟಿದವರು. ಆ ದಿನ ಮಾತ್ರ ಎಲ್ಲ ಹೇಳಿದೆ. ಕೂಲಿಗೆ ಚೀಟಿ ಇಲ್ಲ, ಕೇಳಿದರೆ ಅವಮಾನ ಎಂದು ಹೇಳುವಾಗ ಉಮ್ಮ ನಡುವೆ ಬಾಯಿ ಹಾಕಿದರು. "ಮೋಳೇ, ನಮ್ಮ ಬ್ರಾಂಚಿನ ತಕ್ಕಡಿಯ ಹಾಗೆಯೇ ಇದೆಯಲ್ಲ."

ಯಾವ ತಕ್ಕಡಿ?

ಬೀಡಿ ಕಟ್ಟುವ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬ್ರಾಂಚಿನಿಂದ ಎಲೆ ಮತ್ತು ಹೊಗೆಸೊಪ್ಪನ್ನು ತೂಕ ಮಾಡಿ ಕೊಡುತ್ತಾರೆ. ಅಷ್ಟರಲ್ಲಿ ಸಾವಿರ ಬೀಡಿ ಬರಲೇಬೇಕು. ಎಲೆ ಕಡಿಮೆ ಬಿದ್ದರೆ ಅಂಗಡಿಯಿಂದ ಸ್ವಂತ ದುಡ್ಡಿನಲ್ಲಿ ತರಬೇಕು. ನಮ್ಮ ಊರಿನ ಬ್ರಾಂಚಿನಲ್ಲಿ ಒಬ್ಬ ಕಂಟ್ರಾಕ್ಟರ್ ಒಳಗಿನ ಕೋಣೆಯಲ್ಲಿ ತೂಗಿ, ಕಟ್ಟು ಮಾಡಿ ಹೊರಗೆ ತಂದು ಕೊಡುತ್ತಿದ್ದ. ವಾರಕ್ಕೊಮ್ಮೆಯಾದರೂ ಎಲೆ ಸಾಲುತ್ತಿರಲಿಲ್ಲ. ನಾನು ಆಗ ಮೂರನೇ ಕ್ಲಾಸು. ಎಲೆ ತರಲು ಅಂಗಡಿಗೆ ಓಡುತ್ತಿದ್ದವಳು ನಾನೇ.

ಒಂದು ಮಳೆಗಾಲದಲ್ಲಿ ಉಮ್ಮ ಸಂಜೆ ಹೊತ್ತು ಕೊಡೆ ಹಿಡಿದು ನನ್ನನ್ನು ಕರೆದುಕೊಂಡು ಮನೆ ಮನೆಗೆ ಹೋದದ್ದು ನೆನಪಿತ್ತು. ಯಾಕೆ ಎಂದು ಗೊತ್ತಿರಲಿಲ್ಲ. ಮದುವೆ ಕರೆಯಲು ಹೋಗಿದ್ದೆವು ಎಂದೇ ಅಂದುಕೊಂಡಿದ್ದೆ. ಉಮ್ಮ ಈಗ ಹೇಳಿದರು. ಹದಿನಾಲ್ಕು ಮನೆಗಳು. ನಮ್ಮವರ ಮನೆ, ತುಳು ಮಾತಾಡುವ ಬಿಲ್ಲವರ ಮನೆ, ಎರಡು ಕ್ರೈಸ್ತರ ಮನೆ. ಪ್ರತಿ ಮನೆಯಲ್ಲೂ ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿನಗೂ ಎಲೆ ಸಾಲುವುದಿಲ್ಲವಾ?" ಎಲ್ಲರೂ ತನಗೆ ಮಾತ್ರ ಸಾಲುತ್ತಿಲ್ಲ, ತನ್ನ ಕೈಯೇ ಸರಿ ಇಲ್ಲ ಎಂದುಕೊಂಡಿದ್ದರಂತೆ. ಹದಿನಾಲ್ಕು ಮನೆ ಮುಗಿಯುವಾಗ ತಪ್ಪು ಕೈಯದ್ದಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಮುಂದಿನ ಸೋಮವಾರ ಹೆಂಗಸರು ಕಟ್ಟಿದ ಬೀಡಿಯನ್ನು ಚೀಲದಲ್ಲಿಟ್ಟುಕೊಂಡು ಬ್ರಾಂಚಿನ ಜಗಲಿಯಲ್ಲಿ ಕೂತರು. ತಕ್ಕಡಿ ಹೊರಗೆ ಬರಲಿ, ನಮ್ಮ ಕಣ್ಣೆದುರು ತೂಗಲಿ, ಆಮೇಲೆ ಬೀಡಿ ಕೊಡುತ್ತೇವೆ. ಒಬ್ಬಾಕೆಯ ಗಂಡ ಕಂಟ್ರಾಕ್ಟರನಿಂದ ಸಾಲ ತೆಗೆದುಕೊಂಡಿದ್ದ. ಆಕೆಗೆ ಹೆದರಿಕೆ. "ನೀನು ಎಲ್ಲರಿಗಿಂತ ಕೊನೆಗೆ ಬಾ, ಹಿಂದೆ ಕೂತುಕೋ" ಎಂದು ಮೊದಲೇ ಗೊತ್ತು ಮಾಡಿದ್ದರಂತೆ. ಮಾತಾಡಿದ್ದು ಪಕ್ಕದ ಮನೆಯ ಬಿಲ್ಲವರ ಅಕ್ಕ. ಮಧ್ಯಾಹ್ನದ ಹೊತ್ತಿಗೆ ತಕ್ಕಡಿ ಜಗಲಿಗೆ ಬಂತು. ಕೂಲಿ ಹೆಚ್ಚಾಗಲಿಲ್ಲ, ಬೀಡಿ ಸರಿ ಇಲ್ಲ ಎಂದು ತೆಗೆದು ಬಿಸಾಡುವುದೂ ನಿಲ್ಲಲಿಲ್ಲ. ಆದರೆ ಎಲೆಗಾಗಿ ನಾನು ಅಂಗಡಿಗೆ ಓಡುವುದು ನಿಂತಿತು. ಯಾಕೆ ನಿಂತಿತು ಎಂದು ನಾನು ಯಾವತ್ತೂ ಕೇಳಿರಲಿಲ್ಲ.

"ಹಾಗಾದರೆ ಉಮ್ಮ, ಅದನ್ನೆಲ್ಲ ಮಾಡಿದ್ದು ನೀವೇ" ಎಂದೆ.

"ನಾನೆಂಥ ಮಾಡಿದ್ದು? ಬಾಯಿ ಬಿಟ್ಟದ್ದು ಆ ಅಕ್ಕ. ನಾನು ಹದಿನಾಲ್ಕು ಮನೆಗೆ ನಡೆದದ್ದು ಅಷ್ಟೆ."

ಎರಡನೇ ದಿನ ಗಡಹಿಂಗ್ಲಜ. ಬಸ್ಸು ಕಾಗಲ್ ದಾಟಿ ಕರ್ನಾಟಕಕ್ಕೆ ಬಂದು, ನಿಪ್ಪಾಣಿಯಲ್ಲಿ ಹೊರಳಿ ಮತ್ತೆ ಮಹಾರಾಷ್ಟ್ರಕ್ಕೆ ಹೋಗುತ್ತದೆ. ಮಹಾರಾಷ್ಟ್ರದ ಒಂದು ಊರಿನಿಂದ ಅದೇ ಜಿಲ್ಲೆಯ ಇನ್ನೊಂದು ಊರಿಗೆ ಹೋಗಲು ನಮ್ಮ ರಾಜ್ಯದೊಳಗೆ ಹಾದುಹೋಗಬೇಕು! ನಿಪ್ಪಾಣಿಯಲ್ಲಿ ಬಸ್ಸು ನಿಂತಾಗ ನಾನು ತಾಈಗೆ ಉಮ್ಮನ ಕಥೆ ಹೇಳಿದೆ. ತಾಈ ಕಿಟಕಿಯ ಹೊರಗೆ ಕೈ ತೋರಿಸಿದರು. "ಈ ಊರು ಗೊತ್ತಾ ನಿನಗೆ? ಇದು ತಂಬಾಕಿನ ಊರು."

ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ಒಣ ಎಲೆ ಕುಟ್ಟಿ, ಜರಡಿ ಹಿಡಿದು ಬೀಡಿಗೆ ಬೇಕಾದ ಸೊಪ್ಪು ಮಾಡುವವರು ಹೆಂಗಸರು. 1980ರ ಹೊತ್ತಿಗೆ ಆ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಸಂಘ ಕಟ್ಟಿದರು. ಸುಭಾಷ್ ಜೋಶಿ ಅವರ ಜೊತೆಗೆ ನಿಂತವರಲ್ಲಿ ಒಬ್ಬರು. ಅದರ ಮೇಲೆ 1982ರಲ್ಲಿ ದೀಪಾ ಧನರಾಜ್ ಮತ್ತು ಅವರ ಯುಗಾಂತರ್ ತಂಡ ಒಂದು ಸಾಕ್ಷ್ಯಚಿತ್ರವನ್ನೂ ಮಾಡಿತು, 'ತಂಬಾಕು ಚಾಕಿಲಾ ಊಬ್ ಆಲೀ' ಎಂದು ಅದರ ಹೆಸರು. 1981ರಲ್ಲಿ ಇದೇ ಊರಿನ ಹೆದ್ದಾರಿಯಲ್ಲಿ ತಂಬಾಕು ಬೆಳೆಗಾರರು ಒಳ್ಳೆಯ ಬೆಲೆಗಾಗಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ರಸ್ತೆ ತಡೆದು ಕೂತಿದ್ದರು. ಪೊಲೀಸರ ಗುಂಡಿಗೆ ರೈತರು ಸತ್ತರು.

ನಾನು ಕಿಟಕಿಯಿಂದ ನೋಡುತ್ತಾ ಕೂತೆ. ಉಮ್ಮನ ತಡ್ಪೆಯಲ್ಲಿದ್ದ ಸೊಪ್ಪು ಎಲ್ಲಿಂದ ಬರುತ್ತಿತ್ತು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಅದರಲ್ಲಿ ಸ್ವಲ್ಪವಾದರೂ ಈ ಊರಿನ ಯಾರೋ ಹೆಂಗಸು ಜರಡಿ ಹಿಡಿದದ್ದು ಇರಬಹುದು. ನನ್ನ ಓದಿನ ಒಂದು ಪಾಲು ಬಂದದ್ದು ಬೀಡಿ ಕಾರ್ಮಿಕರ ಮಕ್ಕಳಿಗೆ ಸಿಗುವ ವಿದ್ಯಾರ್ಥಿವೇತನದಿಂದ. ಅದನ್ನು ಸರಕಾರ ದಯೆಯಿಂದ ಕೊಟ್ಟದ್ದು ಎಂದೇ ತಿಳಿದಿದ್ದೆ. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಒಂದು ಕಾಯ್ದೆ, 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ ಬಂತು ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅಂಥ ಕಾಯ್ದೆ ಜಾರಿಗೆ ಬರಬೇಕಾದರೆ ಎಷ್ಟು ಜಗಲಿಗಳಲ್ಲಿ ಎಷ್ಟು ಹೆಂಗಸರು ಕೂರಬೇಕಾಗುತ್ತದೆ ಎಂದು ಆ ಬಸ್ಸಿನಲ್ಲಿ ಹೊಳೆಯಿತು.

ಗಡಹಿಂಗ್ಲಜ ಹಿರಣ್ಯಕೇಶಿ ನದಿಯ ದಡದ ಪೇಟೆ. ಫುಟ್‌ಬಾಲ್ ಹುಚ್ಚಿನ ಊರು. ಅಲ್ಲಿಂದ ಪೂರ್ವಕ್ಕೆ, ಗಡಿಯ ಕಡೆಯ ಹಲಕರ್ಣಿ, ನೂಲ್ ಮುಂತಾದ ಹಳ್ಳಿಗಳಲ್ಲಿ ಕನ್ನಡ ಸಾಕಷ್ಟು ಉಂಟು. ಆ ಕಡೆಯ ಒಂದು ಹಳ್ಳಿಯ ಗುಡಿಯ ಕಟ್ಟೆಯಲ್ಲಿ ಹನ್ನೊಂದು ಮುದುಕಿಯರು ಸೇರಿದ್ದರು. ಸಂಜಯ್ ಗಾಂಧಿ ನಿರಾಧಾರ ಯೋಜನೆಯಲ್ಲಿ ಅವರಿಗೆ ತಿಂಗಳ ಪಿಂಚಣಿ ಬರುತ್ತಿತ್ತು. ಕೆಲವರಿಗೆ ಐದಾರು ತಿಂಗಳಿಂದ ನಿಂತುಹೋಗಿತ್ತು. ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗಿಲ್ಲವೋ, ಬದುಕಿರುವ ದಾಖಲೆ ಕೊಟ್ಟಿಲ್ಲವೋ, ಕಾರಣ ಯಾರೂ ಹೇಳುತ್ತಿರಲಿಲ್ಲ.

ಬಸ್ಸಿನಿಂದ ಇಳಿಯುವಾಗಲೇ ತಾಈ ನನಗೆ ಹೇಳಿದ್ದರು: "ಇವತ್ತು ನಿನ್ನ ಕೆಲಸ ಕನ್ನಡವನ್ನು ಮರಾಠಿ ಮಾಡುವುದು, ಮರಾಠಿಯನ್ನು ಕನ್ನಡ ಮಾಡುವುದು. ನಿನ್ನ ಸ್ವಂತ ಮಾತು ಒಂದೂ ಬೇಡ. ನಂಬರ್ ಕೊಡಬೇಡ."

ಒಬ್ಬ ಅಜ್ಜಿ ನನ್ನ ಬುರ್ಖಾವನ್ನೇ ಸ್ವಲ್ಪ ಹೊತ್ತು ನೋಡಿ ಕೇಳಿದರು, "ಯವ್ವಾ, ನೀ ಯಾವೂರಾಕಿ?"

"ಮಂಗಳೂರಿನ ಕಡೆಯವಳು ಅಜ್ಜಿ."

"ಅದಕ್ಕ ನಿನ್ನ ಕನ್ನಡ ಪುಸ್ತಕದಾಗಿನ ಕನ್ನಡ ಇದ್ದಂಗ ಐತಿ. ಸಾಬರ ಹುಡುಗಿ ಕನ್ನಡ ಮಾತಾಡೂದು ನೋಡು!" ಎಂದು ಪಕ್ಕದವರಿಗೆ ತೋರಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಉಪ್ಪ ಹೆದರಿದ್ದ ಬುರ್ಖಾದ ವಿಷಯ ಅಲ್ಲಿಗೆ ಮುಗಿಯಿತು. ಎಲ್ಲ ಕಡೆ ಹೀಗೆ ಮುಗಿಯುತ್ತದೆ ಎಂದು ನಾನು ಹೇಳುವುದಿಲ್ಲ. ಅಲ್ಲಿ ಮುಗಿಯಿತು.

ಎರಡು ಗಂಟೆ ಹೊತ್ತು ನಾನು ಸ್ವಂತ ಮಾತಾಡಲಿಲ್ಲ. ಎಷ್ಟು ಕಷ್ಟ ಅದು! ಮೂರು ಸಲ ಬಾಯಿ ತೆರೆದು ಮುಚ್ಚಿದೆ. ತಾಈ ಕೇಳುತ್ತಿದ್ದದ್ದು ಸಣ್ಣ ಸಣ್ಣ ಪ್ರಶ್ನೆಗಳು. ಎಷ್ಟು ಜನರಿಗೆ ನಿಂತಿದೆ? ಯಾವ ತಿಂಗಳಿಂದ? ಬರುತ್ತಿರುವವರಿಗೆ ಯಾಕೆ ಬರುತ್ತಿದೆ, ಅವರು ಏನು ಕಾಗದ ಕೊಟ್ಟಿದ್ದರು? ಆ ಕೊನೆಯ ಪ್ರಶ್ನೆಗೆ ಉತ್ತರ ಅವರಲ್ಲೇ ಇತ್ತು. ಇಬ್ಬರು ಬ್ಯಾಂಕಿಗೆ ಹೋಗಿ ಆಧಾರ್ ಜೋಡಿಸಿ ಬಂದಿದ್ದರು. ಉಳಿದವರಿಗೆ ಅದು ಗೊತ್ತೇ ಇರಲಿಲ್ಲ. ಒಂದೇ ಓಣಿಯವರು!

"ಹಂಗಾರ ಎಲ್ಲಾರೂ ಕೂಡಿ ಹೋಗೂಣು" ಎಂದರು ನನ್ನ ಕನ್ನಡಕ್ಕೆ ನಕ್ಕಿದ್ದ ಅಜ್ಜಿ. ಯಾರೂ ಹೇಳಿಕೊಟ್ಟದ್ದಲ್ಲ.

ಮಾರನೇ ದಿನ, ಅಂದರೆ ನನ್ನ ಮೂರನೇ ದಿನ, ಹನ್ನೊಂದು ಜನರಲ್ಲಿ ಒಂಬತ್ತು ಜನ ಪೇಟೆಗೆ ಬಂದರು. ಬ್ಯಾಂಕಿನ ಕೆಲಸ ಮುಗಿಸಿ ಸಂಬಂಧಪಟ್ಟ ಕಚೇರಿಗೆ ಹೋದರು. ಒಬ್ಬೊಬ್ಬರೇ ಹೋಗಿದ್ದಾಗ "ನಾಳೆ ಬಾ" ಎಂದಿದ್ದ ಕಿಟಕಿಯ ಮುಂದೆ ಒಂಬತ್ತು ಸೀರೆಯ ಸೆರಗು. ಅಜ್ಜಿ ತನ್ನ ಅರ್ಧ ಮರಾಠಿ ಅರ್ಧ ಕನ್ನಡದಲ್ಲೇ ಮಾತಾಡಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಅರ್ಜಿ ಸ್ವೀಕರಿಸಿದ ಮೊಹರು ಒಂಬತ್ತು ಕಾಗದಗಳ ಮೇಲೆ ಬಿತ್ತು. ಹಣ ಅಂದೇ ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅಜ್ಜಿ ಎಲ್ಲರ ಕಾಗದವನ್ನೂ ಎಣಿಸಿ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟುಕೊಂಡರು. "ಎಲ್ಲಾರದೂ ಒಂದ ಕಡೆ ಇರಲಿ" ಎಂದರು.

ಎರಡನೇ ಸಂದರ್ಶನದಲ್ಲಿ ತಾಈ ಅದೇ ಪ್ರಶ್ನೆ ಕೇಳಿದರು. ನನ್ನ ಜೀವನದಲ್ಲಿ ಅಂಥ ಸಂದರ್ಭ ಇಲ್ಲ ಎಂದೆ. ನಂತರ ಉಮ್ಮನ ಹದಿನಾಲ್ಕು ಮನೆಗಳ ಕಥೆಯನ್ನು ಎಲ್ಲರಿಗೂ ಹೇಳಿದೆ. ಉಮ್ಮ ಕೂತು ಭಾಷಣ ಮಾಡದೆ ಪ್ರಶ್ನೆ ಕೇಳಿದ್ದು, ಹೆದರಿದವಳಿಗೆ ಹಿಂದೆ ಕೂರಲು ಜಾಗ ಮಾಡಿಕೊಟ್ಟದ್ದು, ಮಾತನ್ನು ಇನ್ನೊಬ್ಬಳಿಗೆ ಬಿಟ್ಟುಕೊಟ್ಟದ್ದು. "ಇಚಲಕರಂಜಿಯಲ್ಲಿ ನಾನು ಮಾಡಿದ ತಪ್ಪೆಲ್ಲ ಉಮ್ಮ 25 ವರ್ಷದ ಹಿಂದೆಯೇ ಮಾಡದೆ ಬಿಟ್ಟಿದ್ದರು" ಎಂದೆ. ತಾಈ ನಕ್ಕು, "ಹಾಗಾದರೆ ನಿನ್ನ ಉಮ್ಮನಿಗೇ ಕೆಲಸ ಕೊಡಬೇಕಿತ್ತು" ಎಂದರು.

ಎರಡು ವಾರದ ನಂತರ ಬಂದ ಫೋನಿನಲ್ಲಿ ಕೆಲಸ ನನಗಿಲ್ಲ ಎಂಬ ಸುದ್ದಿ ಇತ್ತು. ಇಚಲಕರಂಜಿಯ ಜಾಗಕ್ಕೆ ಅದೇ ಊರಿನ, ಕಾಂಡಿ ಸುತ್ತುವ ತಾಯಿಯೊಬ್ಬಳ ಮಗಳನ್ನು ತೆಗೆದುಕೊಂಡಿದ್ದರು. ಬಿಎ ಮುಗಿಸಿದ ಹುಡುಗಿ, ಮನೆಮಾತು ಕನ್ನಡ. ಎಂಎಸ್‌ಡಬ್ಲ್ಯು ಇರಲಿಲ್ಲ. ಒಂದು ದಿನ ಮನಸ್ಸು ಸರಿ ಇರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಆಮೇಲೆ ಅನಿಸಿತು, ಅವಳ ಗಂಡನಿಗೆ ವರ್ಗವಾದರೂ ಅವಳ ಉಮ್ಮ ಆ ಓಣಿಯಲ್ಲೇ ಇರುತ್ತಾಳೆ.

ಮತ್ತೂ ಒಂದು ತಿಂಗಳಾದ ಮೇಲೆ ತಾಈಯೇ ಫೋನ್ ಮಾಡಿದರು. ಗಡಹಿಂಗ್ಲಜದ ಕನ್ನಡ ಹಳ್ಳಿಗಳಿಗೆ ವಾರಕ್ಕೆ ಮೂರು ದಿನ, ಒಂದು ವರ್ಷದ ಮಟ್ಟಿಗೆ. ಸಂಬಳ ಅರ್ಧ. "ಅಲ್ಲಿ ಯಾರಾದರೂ ತಯಾರಾಗುವವರೆಗೆ ನೀನು. ತಯಾರು ಮಾಡುವುದೂ ನಿನ್ನದೇ ಕೆಲಸ" ಎಂದರು. ನಾನೇ ನನ್ನ ಕೆಲಸ ಕಳೆದುಕೊಳ್ಳಲು ದುಡಿಯುವ ಕೆಲಸ! ಒಪ್ಪಿಕೊಂಡೆ. ಅಲ್‌ಹಂದುಲಿಲ್ಲಾಹ್, ಈಗ ಐದು ತಿಂಗಳಾಯಿತು. ಒಂಬತ್ತು ಅಜ್ಜಿಯರಲ್ಲಿ ಏಳು ಜನರಿಗೆ ಪಿಂಚಣಿ ಮತ್ತೆ ಶುರುವಾಗಿದೆ. ಇನ್ನಿಬ್ಬರದ್ದಕ್ಕೆ ಒಂಬತ್ತೂ ಜನ ಓಡಾಡುತ್ತಿದ್ದಾರೆ. ಉಪ್ಪ ಈಗಲೂ ಬಸ್ಸು ಹತ್ತಿದ ಮೇಲೆ ಒಂದು, ಇಳಿದ ಮೇಲೆ ಒಂದು ಮೆಸೇಜ್ ಹಾಕು ಎನ್ನುತ್ತಾರೆ. ಹಾಕುತ್ತೇನೆ.

ಇದನ್ನು ಓದುತ್ತಿರುವ ನಮ್ಮ ತಂಗಿಯರಿಗೆ ಒಂದು ಮಾತು. ಎಂಎಸ್‌ಡಬ್ಲ್ಯು ಮುಗಿಸಿ, ಎಲ್‌ಎಲ್‌ಬಿ ಮುಗಿಸಿ ಮನೆಯಲ್ಲಿರುವ ನಿಮ್ಮಲ್ಲಿ ಹಲವರು ಇಂಥ ಕೆಲಸಗಳಿಗೆ ಅರ್ಜಿ ಹಾಕುತ್ತೀರಿ. ಅನುಭವದ ಕಾಲಂ ಬಂದಾಗ ಕಿಟ್ ಹಂಚಿದ ಫೋಟೋಗಳನ್ನು ಹುಡುಕುವ ಮೊದಲು ಉಮ್ಮನಿಗೆ ಫೋನ್ ಮಾಡಿ. ಬೀಡಿ ಬ್ರಾಂಚಿನ ಬಗ್ಗೆ, ಬಾವಿಯ ನೀರಿನ ಬಗ್ಗೆ, ಹುಡುಗಿಯರಿಗೆ ಮದ್ರಸದಲ್ಲಿ ಒಂದು ಕೋಣೆ ಬೇಕೆಂದು ಕೇಳಿದ್ದರ ಬಗ್ಗೆ ಕೇಳಿ. ಅವರು "ನಾನೆಂಥ ಮಾಡಿದ್ದು?" ಎಂದೇ ಶುರು ಮಾಡುತ್ತಾರೆ. ಅಲ್ಲಿಗೇ ಬಿಡಬೇಡಿ. ಎಷ್ಟು ಮನೆಗೆ ನಡೆದಿರಿ ಎಂದು ಕೇಳಿ.

ಕೊಡುವುದನ್ನು ನಾವು ಬಿಡಬೇಕಾಗಿಲ್ಲ, ಬಿಡಲೂಬಾರದು. ಆದರೆ ಕಿಟ್ಟಿನ ಪಟ್ಟಿಯಲ್ಲಿ ಹೆಸರಿರುವ ಹೆಂಗಸನ್ನು ಮುಂದಿನ ಸಭೆಗೆ ಕರೆದು ಕುರ್ಚಿ ಕೊಟ್ಟು, ಅವಳ ಪಕ್ಕದ ಮನೆಯವಳನ್ನೂ ಕರೆಸಿ, ನಾವು ಸ್ವಲ್ಪ ಹೊತ್ತು ಸುಮ್ಮನಿರಲು ಸಾಧ್ಯವಾ ಎಂದು ನಾನು ನಮ್ಮ ಜಮಾಅತ್‌ಗಳನ್ನು ಕೇಳುತ್ತಿದ್ದೇನೆ. ನನ್ನನ್ನೂ ಕೇಳಿಕೊಳ್ಳುತ್ತಿದ್ದೇನೆ.

ಕಳೆದ ತಿಂಗಳು ಊರಿಗೆ ಹೋದಾಗ ನನ್ನ ಅರ್ಜಿಯ ಒಂದು ಪ್ರತಿಯನ್ನು ಉಮ್ಮನಿಗೆ ತೋರಿಸಿ, ಆ ಖಾಲಿ ಜಾಗದಲ್ಲಿ ನಿಮ್ಮ ಕಥೆ ಬರೆಯಬೇಕಿತ್ತು ಎಂದೆ. ಉಮ್ಮ ಕನ್ನಡಕ ಹಾಕಿಕೊಂಡು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಬರೆಯುವುದಾದರೆ ಆ ಅಕ್ಕನ ಹೆಸರು ಮೊದಲು ಬರೆ" ಎಂದು ಹೇಳಿ ಅಡುಗೆಮನೆಗೆ ಹೋದರು.